ಸಹಾಯ ಬೇಕು: ಹೊಟ್ಟೆಗೆ ಬ್ಯಾಂಡ್ ಹಾಕಿಸಿಕೊಂಡವರು ಊಟ ಹೇಗೆ ಹೊಂದಿಸಿಕೊಂಡಿರಿ?

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಕಡೆಯವಳು, ವಯಸ್ಸು 43. ತೂಕ ಇಳಿಸಲು ಗ್ಯಾಸ್ಟ್ರಿಕ್ ಬ್ಯಾಂಡ್ ಆಪರೇಷನ್ ಆಗಿ 9 ವಾರ ಆಯಿತು. ಜಠರದ ಮೇಲ್ಭಾಗಕ್ಕೆ ಸಿಲಿಕೋನ್ ಪಟ್ಟಿ ಹಾಕಿದ್ದಾರೆ. ಚರ್ಮದ ಕೆಳಗೆ ಪೋರ್ಟ್ ಅಂತ ಒಂದು ಪುಟ್ಟ ಡಬ್ಬಿ ಇರುತ್ತದೆ, ಕೊಳವೆಯಿಂದ ಪಟ್ಟಿಗೆ ಸೇರಿರುತ್ತದೆ. ಅದಕ್ಕೆ ಸೂಜಿಯಲ್ಲಿ ಸಲೈನ್ ತುಂಬಿ ಪಟ್ಟಿಯನ್ನು ಬಿಗಿ ಮಾಡುತ್ತಾರೆ. ಹೋದ ವಾರ ಮೊದಲ ಸಲ ತುಂಬಿದರು.

ಆಪರೇಷನ್‌ಗೆ ಮುಂಚೆ ಲಿವರ್ ಕುಗ್ಗಲಿ ಅಂತ 2 ವಾರ ಪಥ್ಯ ಇತ್ತು. ಆಮೇಲೆ ಬೇಳೆಕಟ್ಟು, ಗಂಜಿ. ಅದೆಲ್ಲ ಹೇಗೋ ಕಳೆಯಿತು. ಕಷ್ಟ ಶುರುವಾಗಿದ್ದು ಈಗ. ನಮ್ಮಲ್ಲಿ ಮುದ್ದೆ ನುಂಗುವುದು ಅಲ್ವಾ, ಅಗಿಯುವುದಿಲ್ಲ. ಚಿಕ್ಕಂದಿನಿಂದ ಬಂದ ಅಭ್ಯಾಸ. ಈಗ ಪ್ರತಿ ತುತ್ತನ್ನೂ ನುಣ್ಣಗಾಗುವ ತನಕ ಅಗಿಯಬೇಕು, ಊಟದ ಜೊತೆ ನೀರು ಕುಡಿಯಬಾರದು. ಮೊನ್ನೆ ಮರೆತು ಒಂದು ತುತ್ತು ನುಂಗಿಬಿಟ್ಟೆ. ಎದೆಯಲ್ಲೇ ಸಿಕ್ಕಿಕೊಂಡಿತು. ಅರ್ಧ ಗಂಟೆ ಒದ್ದಾಡಿದ ಮೇಲೆ ವಾಂತಿ ಆಯಿತು. ತುಂಬಾ ಹೆದರಿದೆ. ಡಾಕ್ಟರಿಗೆ ಫೋನ್ ಮಾಡಿದೆ. ಮತ್ತೆ ಮತ್ತೆ ಹೀಗಾದರೆ, ನೀರೂ ಇಳಿಯದಿದ್ದರೆ ತಕ್ಷಣ ಬನ್ನಿ ಅಂದರು.

ಮನೆಯಲ್ಲಿ ಅತ್ತೆಗೆ ಒಂದೇ ಚಿಂತೆ. "ಇಷ್ಟೇ ತಿಂದರೆ ಹೆಂಗವ್ವ?" ಅಂತ ದಿನಾ ಕೇಳುತ್ತಾರೆ. ಅವರ ಪ್ರೀತಿ ನನಗೆ ಗೊತ್ತು. ಹಾಗಾಗಿಯೇ ಬೇಡ ಅನ್ನಲು ಸಂಕಟ ಆಗುತ್ತದೆ. ಮುಂದಿನ ತಿಂಗಳು ತಂಗಿ ಮನೆಯಲ್ಲಿ ಮದುವೆ ಬೇರೆ.

ಬ್ಯಾಂಡ್ ಹಾಕಿಸಿಕೊಂಡವರು ಇದ್ದರೆ ದಯವಿಟ್ಟು ಹೇಳಿ. ನಿಮಗೆ ಮತ್ತೆ ಮುದ್ದೆ ತಿನ್ನಲು ಆಯಿತಾ, ಇಲ್ಲ ಬಿಟ್ಟೇಬಿಟ್ಟಿರಾ? ಅನ್ನ, ಚಪಾತಿ ಸಿಕ್ಕಿಕೊಳ್ಳುತ್ತದಾ? ಮದುವೆಮನೆಯಲ್ಲಿ ಎಲೆ ಮುಂದೆ ಕೂತಾಗ ಬಡಿಸುವವರಿಗೆ ಏನು ಹೇಳಿದಿರಿ?