ತೊಗರಿ ಧಾರಣೆ ಪುಟ: ಹುಡುಕಿದಾಗ ಹಳೇ ಉತ್ತರ ಹೊಸದರ ಮ್ಯಾಲೆ ಬಂದು ಕೂಡ್ತದ

ತೊಗರಿಕಣಜ (ಕಲಬುರಗಿ)
ಎಲ್ಲರಿಗೂ ಶರಣು. ಜಾವಾಸ್ಕ್ರಿಪ್ಟ್‌ನಾಗ ಲೂಪ್, ಫಂಕ್ಷನ್, ಅರೇ ತನಕ ಬರ್ತದ. ಫ್ರೇಮ್‌ವರ್ಕ್ (ರಿಯಾಕ್ಟ್‌ನಂಥ ತಯಾರು ಚೌಕಟ್ಟು) ಇಲ್ಲದೇ ತಾಲ್ಲೂಕುವಾರು ತೊಗರಿ ಧಾರಣೆ ತೋರಿಸೋ ಪುಟ ಮಾಡ್ಲಿಕತ್ತೀನಿ. "ಚಿ" ಹೊಡೆದರ ಚಿತ್ತಾಪುರ, ಚಿಂಚೋಳಿ ಎರಡೂ ಬರ್ತಾವ, ಸರಿ. "ಚಿಂಚೋ" ತನಕ ಹೊಡೆದರ ಚಿಂಚೋಳಿ ಒಂದೇ ಉಳಿಬೇಕು. ಒಂದು ಕ್ಷಣ ಉಳಿದು ಮತ್ತ ಎರಡೂ ಬರ್ತಾವ. ಹುಡುಕಿದ ಮ್ಯಾಲೆ ಬಂದ ಸಾಲಿನ "ವಿವರ" ಬಟನ್ ಒತ್ತಿದರೂ ಏನೂ ಆಗಲ್ಲ. ಇದನ್ನ ಬಿಟ್ಟು ಸೀದಾ ರಿಯಾಕ್ಟ್ ಕಲೀಲ್ಯಾ?

ಬಿದ್ರಿಕುಸುರಿ (ಬೀದರ್)
ಫೆಚ್ (ಸರ್ವರ್‌ನಿಂದ ಮಾಹಿತಿ ತರಿಸೋ ಫಂಕ್ಷನ್) ವಿನಂತಿಗಳು ಹೊರಟ ಕ್ರಮದಾಗೇ ವಾಪಸ್ ಬರ್ತಾವಂತ ಖಾತ್ರಿ ಇಲ್ರಿ. "ಚಿ"ಯ ಉತ್ತರ 900 ಮಿಲಿಸೆಕೆಂಡಿಗೆ, "ಚಿಂಚೋ"ದ್ದು 300ಕ್ಕ ಬಂದರ, ತಡ ಆದ ಹಳೇದೇ ಕಡೀಗೆ ಪುಟದ ಮ್ಯಾಲೆ ಕೂಡ್ತದ. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಾಗ ನೆಟ್‌ವರ್ಕ್ ಟ್ಯಾಬ್ ತೆಗೆದು ಯಾವುದು ಯಾವಾಗ ಮುಗೀತು ನೋಡ್ರಿ.

ಮೊದಲು ಡಿಬೌನ್ಸ್ (ಟೈಪ್ ಮಾಡೋದು ತುಸು ನಿಂತ ಮ್ಯಾಲಷ್ಟೇ ವಿನಂತಿ ಕಳಿಸೋದು): ಇನ್‌ಪುಟ್ ಇವೆಂಟ್ ಬಂದಾಗೊಮ್ಮೆ ಹಳೇ ಟೈಮರನ್ನ ಕ್ಲಿಯರ್‌ಟೈಮೌಟ್‌ನಿಂದ ಅಳಿಸಿ, 300 ಮಿಲಿಸೆಕೆಂಡಿನ ಹೊಸ ಸೆಟ್‌ಟೈಮೌಟ್ ಇಡ್ರಿ. ವಿನಂತಿ ಕಮ್ಮಿ ಆಗ್ತಾವ, ಆದ್ರ ಹಿಂದು ಮುಂದಾಗೋದು ಪೂರಾ ನಿಲ್ಲಲ್ಲ. ಅದಕ್ಕ ಪ್ರತಿ ಹುಡುಕಾಟಕ್ಕೂ ಹೊಸ ಅಬಾರ್ಟ್‌ಕಂಟ್ರೋಲರ್ (ಹೊರಟ ವಿನಂತಿ ರದ್ದು ಮಾಡೋ ಸಾಧನ) ಮಾಡಿ, ಅದರ ಸಿಗ್ನಲ್ ಫೆಚ್‌ಗೆ ಕೊಟ್ಟು, ಮುಂದಿನದು ಹೊರಡೋ ಮುಂಚೆ ಹಿಂದಿನದರ ಅಬಾರ್ಟ್ ಕರೀಬೇಕು. ರದ್ದಾದದ್ದು ಅಬಾರ್ಟ್‌ಎರರ್ ಎಸೀತದ. ಕ್ಯಾಚ್‌ನಾಗ ಎರರ್‌ನ ಹೆಸರು ನೋಡಿ ಅದನ್ನ ಸುಮ್ಮನೆ ಬಿಡ್ರಿ, ಇಲ್ಲಂದ್ರ ಟೈಪ್ ಮಾಡೋರಿಗೆ ಸುಳ್ಳೇ "ನೆಟ್ ಇಲ್ಲ" ಅಂತ ಕಾಣ್ತದ. ಹಂಗೇ ಸರ್ವರ್‌ನಿಂದ 404, 500 ಅಂಥ ದೋಷದ ಸಂಖ್ಯೆ ಬಂದರೂ ಫೆಚ್ ತಾನಾಗಿ ಕ್ಯಾಚ್‌ಗೆ ಹೋಗಲ್ಲ; ರೆಸ್ಪಾನ್ಸ್‌ನ ಓಕೆ (ಉತ್ತರ ಸರಿ ಬಂತೋ ಇಲ್ಲೋ ಹೇಳೋ ಗುಣ) ನೀವೇ ನೋಡ್ಕೋಬೇಕು.

ರಿಯಾಕ್ಟ್‌ಗೆ ಹೋದರೂ ಇದು ಬೆನ್ನು ಬಿಡಲ್ಲ. ಅಲ್ಲೂ ಯೂಸ್‌ಎಫೆಕ್ಟ್‌ನ ಕ್ಲೀನಪ್‌ನಾಗ (ಹಳೇ ಕೆಲಸ ಒರೆಸೋ ಫಂಕ್ಷನ್‌ನಾಗ) ಇದೇ ಅಬಾರ್ಟ್ ಬರೀಬೇಕು. ಮೊದಲು ಕ್ಲೋಷರ್ (ಫಂಕ್ಷನ್ ತನ್ನ ಹೊರಗಿನ ವೇರಿಯೆಬಲ್ ನೆನಪಿಡೋದು), ಆಮ್ಯಾಲೆ ಇವೆಂಟ್ ಲೂಪ್ (ಕಾಯೋ ಕೆಲಸಗಳನ್ನ ಸರದಿಯಾಗಿ ಓಡಿಸೋ ವ್ಯವಸ್ಥೆ) ಗಟ್ಟಿ ಮಾಡ್ಕೋರಿ. 0 ಮಿಲಿಸೆಕೆಂಡಿನ ಸೆಟ್‌ಟೈಮೌಟ್ ಬರೆದು, ಅದರ ಕೆಳಗ ಆಗಲೇ ಈಡೇರಿದ ಪ್ರಾಮಿಸ್‌ನ (ಮುಂದೆ ಬರೋ ಉತ್ತರದ ಭರವಸೆಯ) ದೆನ್ ಬರೀರಿ. ಕೆಳಗಿನ ದೆನ್ ಯಾಕ ಮೊದಲು ಓಡ್ತದ ಅಂತ ಬಾಯಿಬಿಟ್ಟು ಹೇಳಲಿಕ್ಕ ಬಂದರ ಅಸಿಂಕ್, ಅವೇಟ್ (ಪ್ರಾಮಿಸ್‌ನ್ನೇ ಸರಳವಾಗಿ ಬರಿಯೋ ರೀತಿ) ಹಗುರ ಆಗ್ತದ.

ಭೀಮಾತೀರ (ಯಾದಗಿರಿ)
ಬಟನ್ ವಿಷಯ: ಬಟನ್‌ಗಳನ್ನ ಹುಡುಕೋ ಕ್ವೆರಿಸೆಲೆಕ್ಟರ್‌ಆಲ್ ಓಡಿದಾಗ ಪುಟದಾಗ ಇದ್ದ ಬಟನ್‌ಗಳಿಗಷ್ಟೇ ಲಿಸನರ್ (ಒತ್ತಿದಾಗ ಓಡೋ ಫಂಕ್ಷನ್) ಸಿಕ್ಕದ, ಆಮ್ಯಾಲೆ ಬಂದವಕ್ಕಿಲ್ಲ. ಟೀಬಾಡಿಗೆ (ಕೋಷ್ಟಕದ ಸಾಲುಗಳನ್ನ ಹಿಡಿದ ಟ್ಯಾಗ್‌ಗೆ) ಒಂದೇ ಕ್ಲಿಕ್ ಲಿಸನರ್ ಹಾಕಿ, ಒಳಗ ಟಾರ್ಗೆಟ್ (ಒತ್ತಿದ ಭಾಗ) ಮ್ಯಾಲೆ ಕ್ಲೋಸೆಸ್ಟ್ (ಅದನ್ನ ಸುತ್ತಿದ ಹತ್ತಿರದ ಟ್ಯಾಗ್ ಹುಡುಕೋದು) ಕರೆದು ಬಟನ್ ಹಿಡೀರಿ. ನಲ್ (ಬಟನ್ ಸಿಗಲಿಲ್ಲ ಅಂತ) ಬಂದರ ಅಲ್ಲೇ ರಿಟರ್ನ್. ಬರೇ ಟಾರ್ಗೆಟ್ ನಂಬಿದರ, ಬಟನ್ ಒಳಗಿನ ಐಕಾನ್ ಮ್ಯಾಲೆ ಬೆರಳು ಬಿದ್ದಾಗ ಕೈಕೊಡ್ತದ. ಸಾಲುಗಳನ್ನ ಬದಲಿಸ್ರಿ, ಟೀಬಾಡಿಯನ್ನೇ ಕಿತ್ತು ಹಾಕಬ್ಯಾಡ್ರಿ, ಲಿಸನರೂ ಅದರ ಜೊತೆಗೇ ಹೋಗ್ತದ.

ಕನ್ನಡದಾಗ ಹುಡುಕೋ ಪುಟ ಅಂದಮ್ಯಾಲೆ ಇದೂ ಬೇಕು. "ಬೀದರ್" ಪದದ ಲೆಂತ್ (ಜಾವಾಸ್ಕ್ರಿಪ್ಟ್ ಎಣಿಸೋ ಉದ್ದ, ಕಾಗುಣಿತದ ಗುರುತೂ ಬ್ಯಾರೆ ಬ್ಯಾರೆ) 5, ಕಣ್ಣಿಗೆ ಕಾಣೋ ಅಕ್ಷರ 3. "ಎರಡಕ್ಷರ ಆದಮ್ಯಾಲೆ ಹುಡುಕು" ಅಂತ ಲೆಂತ್ ನಂಬಿ ಬರೆದರ, "ಬೀ" ಒಂದಕ್ಕೇ ಓಡ್ತದ. ಎಣಿಕೆಗೆ ಇಂಟಲ್ ಸೆಗ್ಮೆಂಟರ್ (Intl.Segmenter, ಕಣ್ಣಿಗೆ ಕಾಣೋ ಅಕ್ಷರದಂಗ ಬಿಡಿಸೋದು) ಬಳಸ್ರಿ. ಆ "ಬೀ"ಯ ದೀರ್ಘವನ್ನ ಯೂನಿಕೋಡ್‌ನಾಗ ಒಂದೇ ಚಿಹ್ನೆಯಾಗೂ ಬರೀಬಹುದು, ಗುಡಿಸಿಗೆ ದೀರ್ಘದ ಗುರುತು ಸೇರಿಸಿ ಎರಡಾಗೂ ಬರೀಬಹುದು. ನೋಡಲಿಕ್ಕ ಒಂದೇ, ಹೋಲಿಸಿದರ ಫಾಲ್ಸ್. ಟೈಪ್ ಮಾಡಿದ್ದು, ಪಟ್ಟಿಯಾಗಿದ್ದದ್ದು ಎರಡಕ್ಕೂ ಎನ್‌ಎಫ್‌ಸಿ ನಾರ್ಮಲೈಸ್ (ಎರಡೂ ಬರಹವನ್ನ ಒಂದೇ ರೂಪಕ್ಕ ತರೋದು) ಹಾಕಿದಮ್ಯಾಲೇ ಹೋಲಿಸ್ರಿ.

ತೊಗರಿಕಣಜ
ಬಟನ್ ನಡೀತು, ಚಿಂಚೋಳಿನೂ ಒಂದೇ ನಿಂತದ. ಆದ್ರ ಉತ್ತರ ಬರೋ ಮುಂಚೇನೇ ಲೋಡಿಂಗ್ ಚಕ್ರ ಮಾಯ ಆಗ್ತದಲ್ರಿ?

ಬಿದ್ರಿಕುಸುರಿ (ಬೀದರ್)
ನಿಮ್ಮ ಚಕ್ರ ಆರಿಸೋ ಸಾಲು ಫೈನಲಿಯಾಗ (ಗೆದ್ದರೂ ಸೋತರೂ ಕಡೀಗೆ ಓಡೋ ಭಾಗದಾಗ) ಇದ್ದಂಗ ಕಾಣ್ತದ. ರದ್ದಾದ ವಿನಂತಿಯ ಫೈನಲಿನೂ ಓಡ್ತದ, ಅದು ಹೊಸ ವಿನಂತಿಯ ಚಕ್ರ ಆರಿಸ್ಲಿಕತ್ತದ. "ನನ್ನ ಕಂಟ್ರೋಲರ್ ಈಗಿನ ಕಂಟ್ರೋಲರೇ ಇದ್ದರ ಮಾತ್ರ ಆರಿಸು" ಅಂತ ಒಂದು ಇಫ್ ಹಾಕ್ರಿ.