ನಾಲ್ಕು ವರ್ಷದ ಬೂದು ಗಿಳಿ ಬೋಳಾಗುತ್ತಿದೆ, ಅನುಭವವಿದ್ದವರು ಹೇಳಿ

ಕೇಳಿದವರು: ನಮ್ಮ ಆಫ್ರಿಕನ್ ಬೂದು ಗಿಳಿಗೆ ನಾಲ್ಕು ವರ್ಷ. ಎರಡು ತಿಂಗಳಿಂದ ಎದೆಯ ಗರಿ ಹೋಗುತ್ತಿದೆ. ಕಳೆದ ವಾರದಿಂದ ಹಣೆಯ ಮೇಲೂ ಕಿವಿಯ ಸುತ್ತಲೂ ಬೋಳು ಕಾಣುತ್ತಿದೆ. ಮನೆಯಲ್ಲಿ ಬೇರೆ ಹಕ್ಕಿ ಇಲ್ಲ. ಊಟ, ಮಾತು ಮೊದಲಿನಂತೆಯೇ ಇವೆ. ಹೇನಿನ ಪುಡಿ ಹಾಕಿ ನೋಡಿದೆ, ಉಪಯೋಗವಾಗಲಿಲ್ಲ. ಗರಿ ಕೀಳದಂತೆ ಕುತ್ತಿಗೆಗೆ ಕಾಲರ್ ಹಾಕಬೇಕೇ?

ಬೂದುರೆಕ್ಕೆ: ಕಾಲರ್ ಎಂಬ ಪದ ಕೇಳಿದರೆ ನನಗೆ ಇಂದಿಗೂ ಹೊಟ್ಟೆ ತೊಳಸುತ್ತದೆ. ನನ್ನದೂ ಬೂದು ಗಿಳಿ, ಹನ್ನೊಂದು ವರ್ಷದ್ದು. ಕಾಲರ್ ತೊಡಿಸಿದ ಮೊದಲ ದಿನ ಕೋಲಿನ ಮೇಲಿಂದ ಏಳು ಸಲ ಬಿತ್ತು. ಎಣಿಸಿದ್ದೇನೆ, ಏಕೆಂದರೆ ಅಂದು ಕೆಲಸಕ್ಕೆ ರಜೆ ಹಾಕಿ ಪಂಜರದ ಮುಂದೆಯೇ ಕುಳಿತಿದ್ದೆ. ಬಟ್ಟಲು ಬಾಯಿಗೆ ಎಟುಕುತ್ತಿರಲಿಲ್ಲ, ಕೈಯಲ್ಲಿ ಕೊಟ್ಟರೆ ಮುಖ ತಿರುಗಿಸುತ್ತಿತ್ತು. 470 ಗ್ರಾಂ ಇದ್ದದ್ದು ಒಂಬತ್ತನೆಯ ದಿನಕ್ಕೆ 415ಕ್ಕೆ ಇಳಿಯಿತು. ಆದರೂ ಹಟ ಹಿಡಿದು 33 ದಿನ ಇಟ್ಟೆ. ಎದೆಯ ಮೇಲೆ ಹೊಸ ಗರಿ ಮುಳ್ಳಿನಂತೆ ಮೂಡಿದಾಗ ಗೆದ್ದೆ ಎಂದುಕೊಂಡೆ. ಕಾಲರ್ ಬಿಚ್ಚಿದ ರಾತ್ರಿಯೇ ಅಷ್ಟನ್ನೂ ಕಿತ್ತು ಹಾಕಿತ್ತು. ರಕ್ತ ತುಂಬಿದ ಎಳೆಗರಿಗಳು ಅವು, ಬೆಳಿಗ್ಗೆ ಪಂಜರದ ತಟ್ಟೆ ನೋಡಲಾಗಲಿಲ್ಲ. ಈಗ ಅಲ್ಲಿ ಗರಿಯ ಬುಡವೇ ಸತ್ತಿದೆ, ಇನ್ನು ಬರುವುದಿಲ್ಲ ಎಂದು ವೈದ್ಯರು ಹೇಳಿಬಿಟ್ಟಿದ್ದಾರೆ. ಕಾಲರ್ ಕೊಕ್ಕನ್ನು ತಡೆಯುತ್ತದೆ, ಕಾರಣವನ್ನಲ್ಲ.

ಕಾಳುವಿರೋಧಿ: ಎಲ್ಲರೂ ಕೊಕ್ಕನ್ನೇ ನೋಡುತ್ತೀರಿ, ಬಟ್ಟಲನ್ನು ಯಾರೂ ನೋಡುವುದಿಲ್ಲ. ಸೂರ್ಯಕಾಂತಿ ಬೀಜದಲ್ಲಿ ಕೊಬ್ಬು ವಿಪರೀತ, ಎ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಚರ್ಮ ಒಣಗುತ್ತದೆ, ತುರಿಸುತ್ತದೆ, ಹಕ್ಕಿ ಕೀಳುತ್ತದೆ. ನನ್ನ ಅಮೆಜಾನ್ ಗಿಳಿಯನ್ನು ಬೀಜದಿಂದ ಪೆಲೆಟ್‌ಗೆ, ಅಂದರೆ ಗುಳಿಗೆಯಂಥ ಸಿದ್ಧ ಆಹಾರಕ್ಕೆ, ಹೊರಳಿಸಲು ನಾಲ್ಕೂವರೆ ತಿಂಗಳು ಹಿಡಿಯಿತು. ದಿನವೂ ಬೆಳಿಗ್ಗೆ ತೂಕ, ದಿನವೂ ಹಿಕ್ಕೆಯ ಲೆಕ್ಕ. ಮೊದಲ ಮೂರು ವಾರ ಪೆಲೆಟ್‌ಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಎಸೆಯುತ್ತಿತ್ತು. ಒದ್ದೆ ಮಾಡಿ ಕೊಟ್ಟೆ, ಪುಡಿ ಮಾಡಿ ಕ್ಯಾರೆಟ್‌ಗೆ ಸವರಿದೆ, ಕೊನೆಗೆ ಅದರೆದುರು ನಾನೇ ಎರಡು ತಿಂದೆ. ಮುಂದಿನ ಗರಿ ಬದಲಾವಣೆಯಲ್ಲಿ ಮೈ ತುಂಬಿ ಬಂತು. ತಾಳ್ಮೆ ಇಲ್ಲದವರು ಗಿಳಿ ಸಾಕಬಾರದು.

ಬಿಳಿಜುಟ್ಟು: ಕೊನೆಯ ವಾಕ್ಯ ಯಾರಿಗೆ ಹೇಳಿದ್ದು? ನನ್ನ ಕಾಕಟೂ, ಜುಟ್ಟಿನ ಗಿಳಿ, ಬಂದ ದಿನದಿಂದ ಪೆಲೆಟ್ ಮತ್ತು ಸೊಪ್ಪು ತಿಂದೇ ಬೆಳೆದದ್ದು, ಒಂದು ಸೂರ್ಯಕಾಂತಿ ಬೀಜ ಕಂಡಿಲ್ಲ. ಆರನೆಯ ವರ್ಷಕ್ಕೆ ಕಾಲು, ಎದೆ, ರೆಕ್ಕೆಯ ಒಳಭಾಗ ಎಲ್ಲ ಬೋಳು. ತಪ್ಪು ಬಟ್ಟಲಿನಲ್ಲಿ ಇರಲಿಲ್ಲ, ನನ್ನ ಕೈಯಲ್ಲಿತ್ತು. ಸಂಜೆಯೆಲ್ಲ ಮಡಿಲಲ್ಲಿ ಕೂರಿಸಿಕೊಂಡು ಬೆನ್ನು ಸವರುತ್ತಿದ್ದೆ. ಆಡಲೆಂದು ರಟ್ಟಿನ ಪೆಟ್ಟಿಗೆ ಕೊಟ್ಟಿದ್ದೆ. ರಾತ್ರಿ ಹನ್ನೊಂದರವರೆಗೆ ದೀಪ. ಹಕ್ಕಿಯ ಲೆಕ್ಕದಲ್ಲಿ ನಾನು ಜೋಡಿ, ಪೆಟ್ಟಿಗೆ ಗೂಡು, ಕಾಲ ಸದಾ ವಸಂತ. ಬಾರದ ಮೊಟ್ಟೆಗಾಗಿ ಕಾದು ಕಾದು ಮೈ ಪರಚಿಕೊಂಡಿತು. ಪೆಟ್ಟಿಗೆ, ಕನ್ನಡಿ ತೆಗೆದೆ. ಹನ್ನೆರಡು ಗಂಟೆ ಕತ್ತಲು ಕೊಟ್ಟೆ. ಮುಟ್ಟುವುದಾದರೆ ತಲೆ ಮಾತ್ರ. ಮೊದಲ ತಿಂಗಳು ಅದು ಕಿರುಚಿದ ರೀತಿಗೆ ಪಕ್ಕದ ಮನೆಯವರು ಎರಡು ಸಲ ಬಾಗಿಲು ಬಡಿದರು. ಕಾಲಿನ ಗರಿ ಬಂದಿದೆ, ಎದೆಯದು ಬಂದಿಲ್ಲ.

ಕಾಳುವಿರೋಧಿ: ಎದೆಯದು ಬಂದಿಲ್ಲ ಅಂದರೆ ನಿಮ್ಮ ಉಪಾಯ ಅರ್ಧ ಸೋತಿದೆ ಎಂದಾಯಿತು.

ಬಿಳಿಜುಟ್ಟು: ನಿಮ್ಮದು ಬೀಜ ಬಿಟ್ಟದ್ದಕ್ಕೇ ಗುಣವಾಯಿತು ಎಂದು ಹೇಗೆ ಗೊತ್ತು? ನಾಲ್ಕೂವರೆ ತಿಂಗಳು ದಿನವಿಡೀ ಅದರ ಜೊತೆ ಕುಳಿತಿರಿ. ಒಂಟಿತನ ಹೋದದ್ದಕ್ಕೆ ಗರಿ ಬಂದಿರಬಹುದಲ್ಲ?

ಹಳೆತಂತಿ: ಒಂದು ಮಾತು. ಪಂಜರ ಯಾವುದು? ನಾನು ಸತು ಲೇಪಿಸಿದ ಅಗ್ಗದ ತಂತಿಯಿಂದ ನನ್ನ ಕೈಯಾರೆ ಪಂಜರ ಕಟ್ಟಿದೆ, ಉಳಿತಾಯವೆಂದು. ನನ್ನ ಕಾಕಟೀಲ್ ಗಿಳಿ ತಂತಿ ಕಚ್ಚುತ್ತಾ ಕಚ್ಚುತ್ತಾ ಸತು ನುಂಗಿತು, ಹಕ್ಕಿಗೆ ಅದು ವಿಷ. ಎಕ್ಸ್‌ರೇ, ರಕ್ತ ಪರೀಕ್ಷೆ, ಐದು ದಿನ ಚುಚ್ಚುಮದ್ದು, ಒಂದು ವಾರ ಬಿಟ್ಟು ಇನ್ನೂ ಐದು ದಿನ. ಉಳಿಸಿದ್ದರ ಹತ್ತುಪಟ್ಟು ಕಳೆದೆ. ಆ ಪಂಜರದಲ್ಲಿ ಈಗ ಹಳೆಯ ಚಪ್ಪಲಿಗಳಿವೆ.

ಬೂದುರೆಕ್ಕೆ: ನನ್ನ ಗಿಳಿಯ ಸತು, ಸೀಸ, ಯಕೃತ್ತು ಎಲ್ಲ ನೋಡಿಸಿದ್ದೇನೆ. ಯಾವುದರಲ್ಲೂ ದೋಷವಿಲ್ಲ. ನೋಡಿಸಿಲ್ಲ ಎಂದು ಯಾರೂ ಅಂದುಕೊಳ್ಳಬೇಡಿ. ಜೊತೆಗೊಂದು ಹಕ್ಕಿ ತಂದಿದ್ದರೆ ಚೆನ್ನಾಗಿತ್ತೇನೋ ಎಂದು ಈಗ ಅನಿಸುತ್ತದೆ.

ಖಾಲಿಪಂಜರ: ತರಬೇಡಿ. ನಾನು ತಂದೆ. ದೊಡ್ಡ ಕಾಕಟೂವಿಗೆ ಬೇಸರ ಕಳೆಯಲೆಂದು ಎಂಟು ತಿಂಗಳ ಮರಿ. ಬಂದ ದಿನವೇ ಒಂದೇ ಕೋಣೆ, ಒಂದೇ ನೀರು. ಕೆಲವು ತಿಂಗಳಲ್ಲಿ ಕಾಕಟೂಗಳ ಗರಿಯಿಂದ ಸದಾ ಉದುರುವ ಬಿಳಿ ಪುಡಿ ಮರಿಯ ಮೈಯಲ್ಲಿ ನಿಂತಿತು, ಮಾಸಲಾಗಿದ್ದ ಕೊಕ್ಕು ಮಿರಮಿರ ಕಪ್ಪಾಯಿತು. ಆರೋಗ್ಯ ಬಂತೆಂದು ಹಿಗ್ಗಿದೆ. ಆಮೇಲೆ ಬಂದ ಗರಿಗಳು ಬುಡದಲ್ಲಿ ಹಿಸುಕಿದಂತೆ, ಸುರುಳಿಯಾಗಿ ಬಂದವು. ಸರ್ಕೋವೈರಸ್, ಕೊಕ್ಕು ಮತ್ತು ಗರಿಯ ರೋಗ. ಮದ್ದಿಲ್ಲ. ದೊಡ್ಡದರ ಪರೀಕ್ಷೆಯೂ ಪಾಸಿಟಿವ್ ಬಂತು, 90 ದಿನ ಕಾದು ಮತ್ತೆ ಮಾಡಿಸಿದಾಗ ನೆಗೆಟಿವ್. ಆ 90 ದಿನ ನಾನು ಹೇಗಿದ್ದೆ ಎಂದು ಬರೆಯಲಾರೆ. ಮರಿ ಉಳಿಯಲಿಲ್ಲ.

ಇನ್ನು, ಪ್ರಶ್ನೆ ಕೇಳಿದವರಿಗೆ ನನ್ನ ಮಾತು. ಇಷ್ಟು ಜನ ಬರೆದರೂ ನಿಮ್ಮ ಪ್ರಶ್ನೆಯನ್ನು ಯಾರೂ ಪೂರ್ತಿ ಓದಿಲ್ಲ. ಹಣೆಯ ಗರಿ ಹೋಗಿದೆ ಎಂದಿದ್ದೀರಿ. ಯಾವ ಗಿಳಿಯ ಕೊಕ್ಕೂ ತನ್ನ ಹಣೆಗೆ ಎಟುಕುವುದಿಲ್ಲ. ಕೀಳಲು ಇನ್ನೊಂದು ಹಕ್ಕಿಯೂ ಇಲ್ಲ. ಕಾಲರ್ ಮಾತು ಬಿಟ್ಟು ರಕ್ತ ಮತ್ತು ಗರಿಯ ಪಿಸಿಆರ್ ಮಾಡಿಸಿ, ಈ ವೈರಸ್ ಇದೆಯೇ ಎಂದು ನೋಡುವ ಪರೀಕ್ಷೆ ಅದು. ಬೂದು ಇರಬೇಕಾದ ಜಾಗದಲ್ಲಿ ಕೆಂಪು ಗರಿ ಬಂದಿದೆಯೇ ನೋಡಿ.

ಕಾಳುವಿರೋಧಿ: ಹೊಸ ಹಕ್ಕಿಯನ್ನು ಪ್ರತ್ಯೇಕವಾಗಿ ಇಡಬೇಕು ಎಂಬುದು ಮೊದಲ ಪಾಠವಲ್ಲವೇ?

ಖಾಲಿಪಂಜರ: ಹೌದು. ಗೊತ್ತಿತ್ತು. ಇಡಲಿಲ್ಲ. ಇನ್ನೇನಾದರೂ ಕೇಳುವುದಿದೆಯೇ?

ಬಿಳಿಜುಟ್ಟು: ಸತ್ತ ಮರಿಯ ಮುಂದೆ ನಿಂತೂ ಪಾಠ ಹೇಳುತ್ತೀರಲ್ಲ.

ಬೂದುರೆಕ್ಕೆ: ಕೆಂಪು ಗರಿ ಕಂಡಕೂಡಲೇ ವೈರಸ್ ಎಂದು ಹೆದರಿಸಬೇಡಿ. ಪದೇಪದೇ ಕಿತ್ತ ಜಾಗದಲ್ಲೂ ಕೆಂಪು ಬರುತ್ತದೆ. ನನ್ನದಕ್ಕೆ ತೊಡೆಯ ಮೇಲೆ ನಾಲ್ಕಿವೆ, ಪರೀಕ್ಷೆ ಎರಡು ಸಲವೂ ನೆಗೆಟಿವ್.

ಖಾಲಿಪಂಜರ: ಪರೀಕ್ಷೆ ಮಾಡಿಸಿದ್ದರಿಂದ ತಾನೇ ನಿಮಗೆ ಅದು ಗೊತ್ತಾದದ್ದು.

ಹಳೆತಂತಿ: ಹಣೆ ಎಂದು ಬರೆದದ್ದನ್ನು ನಾನು ನಿಜಕ್ಕೂ ಗಮನಿಸಿರಲಿಲ್ಲ. ಕ್ಷಮಿಸಿ.

ಕೇಳಿದವರು: ಈಗಷ್ಟೇ ಹಿಡಿದು ನೋಡಿದೆ. ರೆಕ್ಕೆಯ ಕೆಳಗೆ ಎರಡು ಕೆಂಪು ಗರಿ ಇವೆ. ಹೋದ ತಿಂಗಳು ಚಂದ ಕಂಡಿತೆಂದು ಅವುಗಳ ಫೋಟೋ ತೆಗೆದಿಟ್ಟಿದ್ದೆ. ನಾಳೆ ಬೆಳಿಗ್ಗೆ ರಕ್ತ ಕೊಡಿಸಲು ಹೋಗುತ್ತಿದ್ದೇವೆ. ಫಲಿತಾಂಶ ಬಂದ ಮೇಲೆ ಬರೆಯುತ್ತೇನೆ.

ಕಾಳುವಿರೋಧಿ: ಹೋಗಿ ಬನ್ನಿ. ಆದರೆ ಅದು ಏನು ತಿನ್ನುತ್ತದೆ ಎಂದು ನೀವು ಇನ್ನೂ ಹೇಳಲೇ ಇಲ್ಲ.