ಪದಚರ್ಚೆ: ‘ದೊಡ್ಡವಳಾದಳು’ ಅಂತ ಬರೆದರೆ ಏನರ್ಥ?

ಎಲ್ಲರಿಗೂ ನಮಸ್ಕಾರ.

ಒಂದು ನೋಟೀಸಿನಿಂದ ಶುರುವಾದ ಫಜೀತಿ ಇದು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೇಸಿಗೆ ರಜೆ ಬಂದರೆ ಮಕ್ಕಳಿಗೆ ಒಂದೆರಡು ಸಿನಿಮಾ ತೋರಿಸುತ್ತೇವೆ. ಈ ಸಲ ಜಪಾನಿನ ‘ಸ್ಪಿರಿಟೆಡ್ ಅವೇ’. ಬೋರ್ಡಿಗೆ ಕನ್ನಡದಲ್ಲಿ ಎರಡು ಸಾಲು ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಹೆಚ್ಚು ಯೋಚನೆ ಮಾಡದೆ ಬರೆದೆ: ‘ಹತ್ತು ವರ್ಷದ ಹುಡುಗಿಯೊಬ್ಬಳು ಕೆಲವೇ ದಿನಗಳಲ್ಲಿ ದೊಡ್ಡವಳಾಗುವ ಕಥೆ. ಮನೆಮಂದಿಯೆಲ್ಲ ಬನ್ನಿ.’

ಅಂಟಿಸುವ ಮುಂಚೆ ನಮ್ಮತ್ತೆಗೆ ತೋರಿಸಿದೆ. ಅವರು ಚನ್ನರಾಯಪಟ್ಟಣದ ಕಡೆಯವರು. ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ‘ಹತ್ತು ವರ್ಷಕ್ಕೇನಾ? ಪಾಪ. ಈಗಿನ ಮಕ್ಕಳು ಬೇಗ ಆಗ್ತಾರೆ ಬಿಡು. ಅದಕ್ಕೆ ಮನೆಮಂದೀನೆಲ್ಲ ಯಾಕಮ್ಮ ಕರೀತೀಯ, ಆರತಿಗಾ?’

ಆಗ ಹೊಳೆಯಿತು ನೋಡಿ. ಹುಡುಗ ‘ದೊಡ್ಡವನಾದ’ ಅಂದರೆ ಬೆಳೆದ ಅಂತ. ಹುಡುಗಿ ‘ದೊಡ್ಡವಳಾದಳು’ ಅಂದರೆ ಮೈನೆರೆದಳು ಅಂತ. ಒಂದೇ ಕ್ರಿಯಾಪದ, ಪ್ರತ್ಯಯ ಬದಲಾದ ಕೂಡಲೇ ಚಿಗಳಿ, ತಂಬಿಟ್ಟು, ಕೊಬ್ಬರಿ, ಸೋದರಮಾವ ಎಲ್ಲ ಬಂದು ನಿಲ್ಲುತ್ತಾರೆ. ನೋಟೀಸು ಹರಿದು ಹಾಕಿದೆ. ಆದರೆ ಆ ಜಾಗಕ್ಕೆ ಹಾಕೋಕೆ ಬೇರೆ ಪದ ಸಿಗಲಿಲ್ಲ. ಅದಕ್ಕೇ ಈ ಪತ್ರ.

ಸಿನಿಮಾ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಯಾಕೆಂದರೆ ಪದ ಕಥೆಗೆ ಹೊಂದಬೇಕು. ಹಯಾವೊ ಮಿಯಾಝಾಕಿ ನಿರ್ದೇಶನ, ಸ್ಟುಡಿಯೋ ಜಿಬ್ಲಿಯ ಚಿತ್ರ, 2001ರ ಜುಲೈನಲ್ಲಿ ಜಪಾನಿನಲ್ಲಿ ಬಿಡುಗಡೆ. 2003ರಲ್ಲಿ ಆಸ್ಕರ್ ಬಂತು. ಚಿಹಿರೊ ಅನ್ನುವ ಹತ್ತು ವರ್ಷದ ಹುಡುಗಿ. ಅಪ್ಪ ಅಮ್ಮ ಊರು ಬದಲಾಯಿಸುತ್ತಿದ್ದಾರೆ. ಅವಳು ಕಾರಿನ ಹಿಂದಿನ ಸೀಟಿನಲ್ಲಿ ಗೆಳತಿಯರು ಕೊಟ್ಟ ಹೂಗುಚ್ಛ ಹಿಡಿದುಕೊಂಡು ಮುಖ ಊದಿಸಿ ಮಲಗಿದ್ದಾಳೆ. ಅಪ್ಪ ಅಡ್ಡದಾರಿ ಹಿಡಿದು ಒಂದು ಸುರಂಗದ ಮುಂದೆ ತಂದು ನಿಲ್ಲಿಸುತ್ತಾನೆ. ಆಚೆ ಪಾಳುಬಿದ್ದ ಊರು. ಅಲ್ಲಿಟ್ಟಿದ್ದ ಊಟವನ್ನು ಯಾರನ್ನೂ ಕೇಳದೆ ತಿಂದು ಅಪ್ಪ ಅಮ್ಮ ಹಂದಿಗಳಾಗಿಬಿಡುತ್ತಾರೆ. ಕತ್ತಲಾದರೆ ಅದು ದೇವರುಗಳು ಮೈ ತೊಳೆದುಕೊಳ್ಳೋಕೆ ಬರುವ ದೊಡ್ಡ ಸ್ನಾನದ ಮನೆ. ಯುಬಾಬ ಅನ್ನುವ ಮಾಟಗಾತಿ ಅದರ ಯಜಮಾನಿ. ಕೆಲಸ ಮಾಡದವರಿಗೆ ಅಲ್ಲಿ ಜಾಗವಿಲ್ಲ, ಪ್ರಾಣಿಯಾಗಿ ಹೋಗುತ್ತಾರೆ. ಹಾಗಾಗಿ ಹುಡುಗಿ ಹೋಗಿ ‘ಇಲ್ಲಿ ಕೆಲಸ ಕೊಡಿ’ ಅಂತ ಬಿಡದೆ ಕೇಳುತ್ತಾಳೆ. ಕೆಲಸ ಸಿಗುತ್ತದೆ, ಹೆಸರು ಹೋಗುತ್ತದೆ.

ಈಗ ಪದಕ್ಕೆ ಬರೋಣ. ಇರುವುದನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದೆ.

‘ಬೆಳೆದಳು’ ಸಪ್ಪೆ. ಗಿಡಾನೂ ಬೆಳೆಯುತ್ತದೆ, ಉಗುರೂ ಬೆಳೆಯುತ್ತದೆ. ‘ಪ್ರಬುದ್ಧಳಾದಳು’ ಪೇಪರಿನ ಭಾಷೆ, ಬೋರ್ಡಿನ ಮುಂದೆ ಯಾವ ಮಗುವೂ ನಿಲ್ಲುವುದಿಲ್ಲ. ‘ಪ್ರೌಢಳಾದಳು’ ಅಂದರೆ ಜೀವಶಾಸ್ತ್ರದ ಪಾಠ ನೆನಪಾಗುತ್ತದೆ. ‘ಪ್ರಾಯಕ್ಕೆ ಬಂದಳು’, ‘ವಯಸ್ಸಿಗೆ ಬಂದಳು’ ಮತ್ತೆ ಅತ್ತೆಯ ದಾರಿಗೇ ಕರೆದುಕೊಂಡು ಹೋಗುತ್ತವೆ. ‘ಮಾಗಿದಳು’ ಎಪ್ಪತ್ತು ವರ್ಷದವರಿಗೆ ಹೇಳುವ ಮಾತು. ‘ಬಲಿತಳು’ ಅಂತೂ ಬೈಗುಳವೇ ಸೈ, ಬಲಿತ ಬೆಂಡೆಕಾಯಿಯನ್ನು ಯಾರು ಕೊಳ್ಳುತ್ತಾರೆ? ‘ಬುದ್ಧಿ ಬಂತು’ ಪರವಾಗಿಲ್ಲ ಅನ್ನಿಸಿತು. ಆದರೆ ಅದರಲ್ಲೊಂದು ಚುಚ್ಚು ಇದೆ. ‘ಈಗ ಬುದ್ಧಿ ಬಂತಾ?’ ಅಂತ ಕೇಳುವುದು ಪೆಟ್ಟು ತಿಂದವರನ್ನು.

ಆಮೇಲೆ ಗಂಡುಮಕ್ಕಳಿಗೆ ಏನೇನು ಹೇಳುತ್ತೇವೆ ಅಂತ ನೆನಪು ಮಾಡಿಕೊಂಡೆ. ‘ಎದೆ ಎತ್ತರಕ್ಕೆ ಬೆಳೆದ ಮಗ.’ ‘ಮಗ ಕೈಗೆ ಬಂದ.’ ಎಷ್ಟು ಒಳ್ಳೆಯ ಮಾತು ಅಲ್ವಾ ಇದು, ಕೈಗೆ ಬರೋದು! ಇಷ್ಟು ದಿನ ನಾವು ಸಾಕಿದೆವು, ಇನ್ನು ಅವನು ನಮ್ಮ ಕೈಗೆ ಒದಗುತ್ತಾನೆ ಅಂತ. ಹೆಣ್ಣುಮಕ್ಕಳಿಗೆ ಈ ಮಾತು ನಾನು ಕೇಳಿಲ್ಲ. ನನ್ನ ತವರು ಹಾವೇರಿ ಕಡೆ. ಹನ್ನೆರಡರಲ್ಲಿ ನಾನು ಮೂಲೆಯಲ್ಲಿ ಕೂತಿದ್ದಾಗ ನಮ್ಮಜ್ಜಿ ಓಣಿಗೆಲ್ಲ ‘ನಮ್ಮ ಹುಡುಗಿ ದೊಡ್ಡಾಕಿ ಆಗ್ಯಾಳ’ ಅಂತ ಹೇಳಿ ಬಂದಿದ್ದರು. ಅದೇ ವರ್ಷ ನನ್ನಣ್ಣ ಅಂಗಡಿಯಲ್ಲಿ ಗಲ್ಲಾ ಮುಂದೆ ಕೂರಲು ಶುರು ಮಾಡಿದ. ಅದೇ ಅಜ್ಜಿ, ಅದೇ ಓಣಿಗೆ ‘ಹುಡುಗ ಕೈಗೆ ಬಂದ’ ಅಂದರು. ಆ ವರ್ಷ ಬೆಳಗಿನ ರೊಟ್ಟಿಯನ್ನೆಲ್ಲ ಬಡಿಯುತ್ತಿದ್ದವಳು ನಾನು. ಇರಲಿ, ಇದು ಜಗಳ ತೆಗೆಯುವ ಜಾಗ ಅಲ್ಲ.

ಜಪಾನೀಯರು ಏನನ್ನುತ್ತಾರೆ? ನಾನು ಆ ಭಾಷೆಯನ್ನು ಸ್ವಲ್ಪ ಕಲಿತಿದ್ದೇನೆ, ಅಷ್ಟರಲ್ಲೇ ಹೇಳುತ್ತೇನೆ. ವಯಸ್ಕರಿಗೆ ಅವರ ಪದ ‘ಒತೊನ’. ಬರೆಯುವಾಗ ಎರಡು ಅಕ್ಷರ. ಮೊದಲನೆಯದು ‘ದೊಡ್ಡ’, ಎರಡನೆಯದು ‘ಮನುಷ್ಯ’. ಅಂದರೆ ನಮ್ಮ ‘ದೊಡ್ಡವರು’ ಪದವೇ! ಗಂಡಿಗೂ ಹೆಣ್ಣಿಗೂ ಅದೊಂದೇ. ಮಗಳು ಮೈನೆರೆದರೆ ಕೆಂಪು ಕಾಳು ಹಾಕಿ ಕೆಂಪನ್ನ ಮಾಡುವ ರೂಢಿ ಅಲ್ಲೂ ಇತ್ತು. ‘ಸೆಕಿಹಾನ್’ ಅಂತ ಅದರ ಹೆಸರು, ಬೇರೆ ಶುಭದಿನಗಳಿಗೂ ಮಾಡುತ್ತಾರೆ. ನಮ್ಮ ಚಿಗಳಿಯ ದೂರದ ನೆಂಟ ಅನ್ನಬಹುದೇನೋ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಪದ, ‘ಇಚಿನಿನ್‌ಮಾಎ’. ಮೂಲ ಅರ್ಥ ‘ಒಬ್ಬರ ಪಾಲು’. ಹೋಟೆಲಿನಲ್ಲಿ ‘ಒಂದು ಪ್ಲೇಟ್ ಕೊಡಿ’ ಅಂತ ನಾವು ಕೇಳುವ ಕಡೆ ಇದನ್ನು ಹೇಳುತ್ತಾರೆ. ಇದೇ ಪದವನ್ನು ಮನುಷ್ಯರಿಗೂ ಬಳಸುತ್ತಾರೆ. ಕೆಲಸ ಕಲಿತು ತನ್ನ ಕಾಲ ಮೇಲೆ ನಿಂತವನು ‘ಇಚಿನಿನ್‌ಮಾಎ’. ಅಂದರೆ ಅವನೀಗ ಪೂರ್ತಿ ಒಬ್ಬ, ಅರ್ಧ ಅಲ್ಲ.

ಇದನ್ನು ಓದಿದ ಕೂಡಲೇ ನನಗೆ ಗದ್ದೆ ನೆನಪಾಯಿತು. ‘ನಾಟಿಗೆ ಹತ್ತಾಳು ಬಂದಿದ್ರು’ ಅನ್ನುತ್ತೇವೆ. ಚಿಕ್ಕ ಹುಡುಗ ಬಂದರೆ ಅರ್ಧ ಆಳಿನ ಲೆಕ್ಕ. ಅವನು ಪೂರ್ತಿ ಕೂಲಿಗೆ ಬಂದ ದಿನ ‘ಒಂದಾಳಾದ’. ಬಾವಿಯ ಆಳಕ್ಕೂ ಇದೇ ಅಳತೆ, ‘ಎರಡಾಳು ನೀರಿದೆ’ ಅಂತ. ಹಾಗಾದರೆ ‘ಹತ್ತು ವರ್ಷದ ಹುಡುಗಿ ಒಂದಾಳಾಗುವ ಕಥೆ’ ಅಂತ ಬರೆಯಬಹುದಾ?

ಕಥೆಗೆ ಇದು ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ಚಿಹಿರೊ ಅಲ್ಲಿ ನಿಜವಾಗಿಯೂ ಆಳು. ಮೊದಲ ದಿನ ಬಾಯ್ಲರ್ ಕೋಣೆಯಲ್ಲಿ ಕಮಾಜಿ ಅನ್ನುವ ಆರು ಕೈಯ ಮುದುಕ. ಅವನ ಕೈಕೆಳಗೆ ಇದ್ದಿಲು ಹೊರುವ ಮಸಿಯ ಪುಟಾಣಿಗಳು. ಒಂದು ಪುಟಾಣಿ ಇದ್ದಿಲಿನ ಭಾರಕ್ಕೆ ಅಪ್ಪಚ್ಚಿಯಾಗುತ್ತದೆ. ಇವಳು ಅದರ ಇದ್ದಿಲನ್ನು ಎತ್ತಿಕೊಂಡು, ಎಲ್ಲಿಡಲಿ ಅಂತ ಪಿಳಿಪಿಳಿ ನೋಡುತ್ತಾಳೆ. ಕೈ ಹಾಕಿದ ಮೇಲೆ ಮುಗಿಸು ಅಂತ ಮುದುಕ ಗದರುತ್ತಾನೆ. ಲಿನ್ ಅನ್ನುವ ಅಕ್ಕ ಬರುತ್ತಾಳೆ. ಹೂಂ ಅನ್ನೋಕೂ ಬರಲ್ವಾ, ತಾತನಿಗೆ ಥ್ಯಾಂಕ್ಸ್ ಹೇಳಿದ್ಯಾ ಅಂತ ಅವಳದ್ದೂ ಗದರಿಕೆ. ನೆಲ ಒರೆಸುವಾಗ ಎಲ್ಲರೂ ಸರಸರ ಮುಂದೆ ಹೋದರೆ ಇವಳು ಹಿಂದೆ ಬಿದ್ದು ಜಾರುತ್ತಾಳೆ. ಅಲ್ಲಿಗೆ ಅರ್ಧ ಆಳು. ಆಮೇಲೆ ಯಾರೂ ಹತ್ತಿರ ಸುಳಿಯದ, ಗಬ್ಬು ನಾರುವ ಕೆಸರಿನ ದೇವರಿಗೆ ನೀರು ಹಾಕುವ ಸರದಿ ಇವಳದ್ದಾಗುತ್ತದೆ. ಅದರ ಮೈಯಲ್ಲಿ ಏನೋ ಚುಚ್ಚಿಕೊಂಡಿದೆ ಅಂತ ಗೊತ್ತಾಗಿ ಎಲ್ಲರೂ ಹಗ್ಗ ಹಾಕಿ ಎಳೆದರೆ ಬರೋದು ಸೈಕಲ್ಲು, ಅದರ ಹಿಂದೆ ರಾಶಿ ರಾಶಿ ಕಸ! ಅದು ಕೆಸರಿನ ದೇವರಲ್ಲ, ನದಿಯ ದೇವರು. ಆ ಹೊತ್ತಿಗೆ ಇವಳು ಒಂದಾಳು. ಕನ್ನಡದಲ್ಲಿ ‘ಆಳು’ ಅಂದರೆ ಕೆಲಸದವರು, ಅದೇ ‘ಆಳು’ ಅಂದರೆ ರಾಜ್ಯಭಾರ ಮಾಡು. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಗಾದೆ ಗೊತ್ತಲ್ಲ. ಸಿನಿಮಾದಲ್ಲಿ ಅಪ್ಪ ಅಮ್ಮ ದುಡಿಯದೆ ಅರಸರ ಹಾಗೆ ಉಂಡು ಹಂದಿಯಾಗಿದ್ದಾರೆ, ಮಗಳು ಆಳಾಗಿ ದುಡಿಯುತ್ತಿದ್ದಾಳೆ.

ಖುಷಿಯಿಂದ ಅತ್ತೆಗೆ ಹೇಳಿದೆ. ‘ಒಂದಾಳಾದ್ಲು ಅಂದ್ರೆ ಕೂಲಿಗೆ ಹೋದ್ಲು ಅಂತ ತಾನೆ? ಹತ್ತು ವರ್ಷದ ಮಗೂನ ಕೂಲಿಗೆ ಹಚ್ಚೋ ಸಿನಿಮಾನಾ ತೋರಿಸ್ತೀರಾ?’ ಅಂದರು. ಜೊತೆಗೆ ಹೆಣ್ಣಾಳು, ಗಂಡಾಳು ಅಂತ ಎರಡು ಲೆಕ್ಕ, ಎರಡು ಕೂಲಿ ಇರುತ್ತಿದ್ದದ್ದನ್ನೂ ನೆನಪಿಸಿದರು. ಹೆಣ್ಣಾಳಿಗೆ ಯಾವತ್ತೂ ಕಡಿಮೆ. ಅವರ ಹತ್ತಿರ ಗೆಲ್ಲೋಕೆ ಆಗಲ್ಲ.

ಇನ್ನೊಂದು ತೊಡಕು ಮಿಯಾಝಾಕಿಯವರೇ ತಂದಿಟ್ಟದ್ದು. ತಮ್ಮ ಸ್ನೇಹಿತರ ಹತ್ತು ವರ್ಷ ಆಸುಪಾಸಿನ ಹೆಣ್ಣುಮಕ್ಕಳಿಗಾಗಿ ಈ ಚಿತ್ರ ಮಾಡಿದೆ ಅಂತ ಅವರು ಹೇಳಿದ್ದರು. ಹಾಗೇ, ಇದು ಪಾತ್ರಗಳು ಬೆಳೆಯುವ ಕಥೆಯೇ ಅಲ್ಲ, ಒಳಗೆ ಮೊದಲೇ ಇದ್ದದ್ದು ಸಂದರ್ಭ ಬಂದಾಗ ಹೊರಗೆ ಬರುವ ಕಥೆ ಅನ್ನುವ ಅರ್ಥದ ಮಾತನ್ನೂ ಆಡಿದ್ದಾರೆ. ಮೊದಲ ಸಲ ಓದಿದಾಗ ಸುಮ್ನೆ ಹೇಳ್ತಾರೆ ಅನ್ನಿಸಿತು. ಆಮೇಲೆ ಕೊನೆಯ ದೃಶ್ಯ ಮತ್ತೆ ನೋಡಿದೆ. ಶುರುವಿನಲ್ಲಿ ಸುರಂಗದೊಳಗೆ ಹೋಗುವಾಗ ಚಿಹಿರೊ ಅಮ್ಮನ ತೋಳಿಗೆ ಜೋತುಬೀಳುತ್ತಾಳೆ, ಅಷ್ಟು ಅಂಟಿಕೊಂಡರೆ ನಡೆಯೋದು ಹೇಗೆ ಅಂತ ಅಮ್ಮ ರೇಗುತ್ತಾಳೆ. ಇಷ್ಟೆಲ್ಲ ಆಗಿ ವಾಪಸ್ ಬರುವಾಗಲೂ ಅದೇ ಸುರಂಗ, ಅದೇ ತೋಳು, ಅಮ್ಮನ ಅದೇ ಮಾತು. ಅಮ್ಮನಿಗೆ ಏನೂ ಗೊತ್ತಿಲ್ಲ. ಹೊರಗೆ ಕಾರಿನ ಮೇಲೆ ಧೂಳು, ತರಗೆಲೆ. ಹುಡುಗಿಯ ಕೂದಲಿಗೆ ಕಟ್ಟಿದ ದಾರ ಮಾತ್ರ ಒಂದು ಸಲ ಮಿನುಗುತ್ತದೆ. ಮಾಟಗಾತಿಯ ಅಕ್ಕ ಕೊಟ್ಟಿದ್ದು ಅದು.

ಹಾಗಾದರೆ ‘ಆದಳು’ ಅನ್ನುವ ಕ್ರಿಯಾಪದವೇ ತಪ್ಪಾ? ಏನೋ ಇರಲಿಲ್ಲ, ಈಗ ಆಯಿತು ಅಂತ ಅದು ಹೇಳುತ್ತದೆ. ನಮ್ಮ ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಮಿಯಾಝಾಕಿಯವರ ಮಾತಿಗೆ ಹತ್ತಿರ. ‘ನೆರೆ’ ಕೂಡ ಹತ್ತಿರವೇ, ಹಳಗನ್ನಡದಲ್ಲಿ ಅದಕ್ಕೆ ತುಂಬು, ಪೂರ್ಣವಾಗು ಅನ್ನುವ ಅರ್ಥ ಇತ್ತು. ಆದರೆ ಈಗ ಅದು ‘ಮೈ’ ಜೊತೆ ಅಂಟಿಕೊಂಡು ಬಿಟ್ಟಿದೆ, ಬಿಡಿಸೋಕೆ ಆಗಲ್ಲ.

ಪದದ ಸುದ್ದಿ ಬಂದಿದ್ದಕ್ಕೆ ಇನ್ನೊಂದು ಸಂಗತಿ. ಹುಡುಗಿಯ ಹೆಸರು ಚಿಹಿರೊ ಅಲ್ವಾ, ಅದರಲ್ಲಿ ‘ಚಿ’ ಅಂದರೆ ಸಾವಿರ. ‘ಹಿರೊ’ ಒಂದು ಅಳತೆ, ಎರಡೂ ಕೈ ಚಾಚಿದಾಗ ಈ ಬೆರಳ ತುದಿಯಿಂದ ಆ ಬೆರಳ ತುದಿವರೆಗೆ. ನೀರಿನ ಆಳ ಹೇಳೋಕೆ ಬಳಸುತ್ತಿದ್ದರು. ಇಂಗ್ಲಿಷಿನಲ್ಲಿ ಇದನ್ನು ಓದುವವರು ‘ಫ್ಯಾದಮ್’ ಅಂತ ನಿಘಂಟು ಹುಡುಕಬೇಕು. ನಮಗೆ ಬೇಕಾಗಿಲ್ಲ. ಹೂವಿನವಳ ಹತ್ತಿರ ನಿಂತು ‘ಒಂದು ಮಾರು ಕೊಡಮ್ಮ’ ಅಂತ ಕೇಳುವವರಿಗೆ ಅದು ಗೊತ್ತೇ ಇದೆ. ಚಿಹಿರೊ ಅಂದರೆ ಸಾವಿರ ಮಾರು. ಹೆಸರನ್ನು ಯುಬಾಬ ಕಿತ್ತುಕೊಂಡಾಗ ಮಾರು ಹೋಗಿ ಬರೀ ಸಾವಿರ ಉಳಿಯುತ್ತದೆ. ಆ ಒಂಟಿ ಅಕ್ಷರವನ್ನು ಚೀನೀ ಕಡೆಯಿಂದ ಬಂದ ಉಚ್ಚಾರಣೆಯಲ್ಲಿ ‘ಸೆನ್’ ಅಂತ ಓದುತ್ತಾರೆ, ಸ್ನಾನದ ಮನೆಯಲ್ಲಿ ಅವಳನ್ನು ಕರೆಯುವುದೂ ಹಾಗೇ. ನಾವು 100 ಅಂತ ಬರೆದು ಸಂತೆಯಲ್ಲಿ ನೂರು ಅಂದು, ಕ್ರಿಕೆಟ್ಟಿನಲ್ಲಿ ಶತಕ ಅನ್ನುವ ಹಾಗೆ. ಅಳೆಯೋಕೆ ಏನೂ ಇಲ್ಲದ ಬರೀ ಲೆಕ್ಕ ಅವಳು, ಹಾಜರಿ ಪುಸ್ತಕದ ನಂಬರಿನ ಹಾಗೆ. ಗೇಣು, ಮೊಳ, ಮಾರು ಎಲ್ಲ ಮೈಯಿಂದ ಹುಟ್ಟಿದ ಅಳತೆ, ಮಗು ಬೆಳೆದ ಹಾಗೆ ಅದರ ಮಾರೂ ಉದ್ದವಾಗುತ್ತದೆ. ಇದನ್ನು ನನ್ನ ಮಗಳಿಗೆ ಹೇಳಿದ್ದೇ ತಪ್ಪಾಯಿತು. ಎರಡು ದಿನದಿಂದ ಮನೆಯ ಗೋಡೆಯನ್ನೆಲ್ಲ ತಬ್ಬಿಕೊಂಡು ಅಳೆಯುತ್ತಿದ್ದಾಳೆ. ಹಾಲ್ ಅವಳ ಲೆಕ್ಕದಲ್ಲಿ ನಾಲ್ಕು ಮಾರು, ನನ್ನ ಲೆಕ್ಕದಲ್ಲಿ ಮೂರೂ ಚಿಲ್ಲರೆ.

ಕೇಳಬೇಕಾದ್ದು ಇಷ್ಟು. ನಿಮ್ಮ ಕಡೆ ಹುಡುಗಿಗೆ ‘ಕೈಗೆ ಬಂದಳು’ ಅಂತ ಯಾರಾದರೂ ಅನ್ನುತ್ತಾರಾ? ಕುಂದಾಪುರ, ಶಿರಸಿ, ಕೊಡಗು, ಬಳ್ಳಾರಿ ಕಡೆಯವರು ದಯವಿಟ್ಟು ಹೇಳಿ. ಮೈನೆರೆಯುವುದಕ್ಕೆ ಸಂಬಂಧವಿಲ್ಲದೆ ‘ದೊಡ್ಡವಳಾದಳು’ ಅನ್ನುವ ಬಳಕೆ ಮಾತಿನಲ್ಲೋ ಬರಹದಲ್ಲೋ ಸಿಕ್ಕಿದ್ದರೆ ಅದೂ ಬೇಕು. ‘ಮಗಳು ಎಷ್ಟು ದೊಡ್ಡೋಳಾಗಿದ್ದಾಳೆ!’ ಅಂತ ನೆಂಟರು ಅನ್ನುವುದು ನನಗೂ ಗೊತ್ತು. ಅಲ್ಲಿ ‘ಎಷ್ಟು’ ಸೇರಿದ ಕೂಡಲೇ ಅರ್ಥ ಬದಲಾಗುತ್ತದೆ. ‘ಆಗಿದ್ದಾಳೆ’ಗೂ ‘ಆದಳು’ಗೂ ಇರುವ ವ್ಯತ್ಯಾಸವೂ ಇರಬಹುದು. ವ್ಯಾಕರಣ ಬಲ್ಲವರು ಬಿಡಿಸಿ ಹೇಳಿದರೆ ಉಪಕಾರ.

ಸಿನಿಮಾ ಭಾನುವಾರ ಸಂಜೆ 5 ಗಂಟೆಗೆ. ಶುಕ್ರವಾರದೊಳಗೆ ಉತ್ತರ ಬಂದರೆ ನೋಟೀಸಿಗೆ ಆಗುತ್ತದೆ. ಸದ್ಯಕ್ಕೆ ಬೋರ್ಡಿನಲ್ಲಿ ‘ಸಿನಿಮಾ ಇದೆ, ಬನ್ನಿ, ಚಾಪೆ ತನ್ನಿ’ ಅಂತಷ್ಟೇ ಇದೆ. ಅದನ್ನು ಅತ್ತೆಯೇ ಬರೆದದ್ದು.